ಪೆನ್ಸಿಲಿನಲ್ಲಿ ಬರೆದ ಪ್ರಶ್ನೆಗಳು: ಹಿರಿಯ ಪ್ರೊಬೇಶನ್ ಅಧಿಕಾರಿಯೊಬ್ಬರನ್ನು ನಾವು ಗೌರವಿಸಿದ ಬಗೆ

ಕಾಸರಗೋಡಿನ ಹಳ್ಳಿಯ ಮನೆಯೊಂದಕ್ಕೆ ಹೋಗಿ ‘ನಾನು ಪ್ರೊಬೇಶನ್ ಆಫೀಸಿನಿಂದ ಬಂದಿದ್ದೇನೆ’ ಎಂದರೆ ಮೊದಲು ಎದುರಾಗುವ ಪ್ರಶ್ನೆ ‘ಯಾವ ಬ್ಯಾಂಕು?’ ಎಂಬುದು. ಬ್ಯಾಂಕಿನ ಪ್ರೊಬೇಶನರಿ ಆಫೀಸರು ಎಲ್ಲರಿಗೂ ಗೊತ್ತು. ತಪ್ಪಿತಸ್ಥನೆಂದು ನ್ಯಾಯಾಲಯ ತೀರ್ಮಾನಿಸಿದವನನ್ನು ಜೈಲಿಗೆ ಕಳುಹಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಟ್ಟು, ಮುಂದೆ ಅವನು ನೆಟ್ಟಗೆ ನಡೆಯುವಂತೆ ನೋಡಿಕೊಳ್ಳುವುದಕ್ಕೂ ಸರ್ಕಾರ ಒಬ್ಬರಿಗೆ ಸಂಬಳ ಕೊಡುತ್ತದೆ ಎಂಬುದು ವಕೀಲರಲ್ಲಿಯೂ ಕೆಲವರಿಗೆ ನೆನಪಿರುವುದಿಲ್ಲ. ಈ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ನನಗೆ ಕೆಲಸ ಕಲಿಸಿದ ಹಿರಿಯ ಅಧಿಕಾರಿಯನ್ನು ಸನ್ಮಾನಿಸುವ ಹೊಣೆ ಒಮ್ಮೆ ನನ್ನ ಮೇಲೆ ಬಿದ್ದಿತು. ಅದನ್ನು ಹೇಗೆ ನಿರ್ವಹಿಸಿದೆ, ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೇರಳದಲ್ಲಿ ನವೆಂಬರ್ 15ನ್ನು ಪ್ರೊಬೇಶನ್ ದಿನವಾಗಿ ಆಚರಿಸುತ್ತಾರೆ. ಅದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಹುಟ್ಟಿದ ದಿನ. 1957ರಲ್ಲಿ ಕೇರಳದ ಮೊದಲ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರ ಸಂಪುಟದಲ್ಲಿ ಕಾನೂನು, ಗೃಹ ಮತ್ತು ಕಾರಾಗೃಹ ಖಾತೆಗಳನ್ನು ನಿರ್ವಹಿಸಿ, 1973ರಿಂದ 1980ರವರೆಗೆ ಸುಪ್ರೀಂ ಕೋರ್ಟಿನಲ್ಲಿ ಕುಳಿತು, ಶಿಕ್ಷೆಯ ಗುರಿ ಮನುಷ್ಯನನ್ನು ತಿದ್ದುವುದೇ ಆಗಿರಬೇಕೆಂದು ತೀರ್ಪಿನ ಮೇಲೆ ತೀರ್ಪು ಬರೆದವರು ಅವರು. ಆ ದಿನದ ಸಭೆಗಳಿಗೆ ಒಂದು ಸಿದ್ಧ ಕ್ರಮವಿದೆ. ಮೊದಲ ಭಾಷಣಕಾರರು 1841ರಲ್ಲಿ ಬೋಸ್ಟನ್ ನಗರದ ನ್ಯಾಯಾಲಯದಲ್ಲಿ ಒಬ್ಬ ಕುಡುಕನಿಗೆ ಜಾಮೀನು ನಿಂತ ಜಾನ್ ಆಗಸ್ಟಸ್ ಎಂಬ ಬೂಟು ತಯಾರಕನ ಕಥೆಯಿಂದ ಆರಂಭಿಸುತ್ತಾರೆ. ಎರಡನೆಯವರು 1958ರ ಅಪರಾಧಿಗಳ ಪ್ರೊಬೇಶನ್ ಕಾಯ್ದೆಯ ಕಲಮುಗಳನ್ನು ಓದುತ್ತಾರೆ. ಬಳಿಕ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ನಾನೂ ಅನೇಕ ಸಲ ಆ ಮೊದಲ ಭಾಷಣಕಾರನಾಗಿದ್ದೇನೆ. ಆದರೆ ಈ ಹಿರಿಯರ ವಿಷಯದಲ್ಲಿ ಅಷ್ಟಕ್ಕೆ ಮುಗಿಸುವ ಮನಸ್ಸಾಗಲಿಲ್ಲ.

ನಾವು ಮೇಡಂ ಎಂದೇ ಕರೆಯುತ್ತಿದ್ದ ಆ ಹಿರಿಯರು ಕೇರಳದ ದಕ್ಷಿಣದ ಜಿಲ್ಲೆಯವರು, ಮನೆಮಾತು ಮಲಯಾಳ. ಕಾಸರಗೋಡಿಗೆ ವರ್ಗವಾಗಿ ಬಂದಾಗ ಅವರಿಗೆ ಕನ್ನಡವೂ ತುಳುವೂ ಬರುತ್ತಿರಲಿಲ್ಲ. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಈ ನೆಲದ ಉತ್ತರ ಭಾಗದಲ್ಲಿ, ಅಂದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯಲ್ಲಿ, ಮನೆಯ ಹೆಂಗಸರೊಡನೆ ನಾಲ್ಕು ಮಾತಾಡಬೇಕಾದರೆ ಈ ಎರಡು ಭಾಷೆಗಳಲ್ಲಿ ಒಂದಾದರೂ ಬೇಕು. ಅವರು ಮೊದಲ ವರ್ಷದಲ್ಲಿಯೇ ಕನ್ನಡ ಓದಲು ಕಲಿತರು. ಎರಡನೆಯ ವರ್ಷದಲ್ಲಿ ನನ್ನ ಕನ್ನಡವನ್ನು ತಿದ್ದಲು ತೊಡಗಿದರು.

ಅವರು ಕಲಿಸಿದ್ದು ಏನೆಂಬುದನ್ನು ಒಂದು ಪ್ರಕರಣದ ಮೂಲಕವೇ ಹೇಳಬೇಕು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಪ್ಪತ್ತು ವರ್ಷದ ಹುಡುಗನೊಬ್ಬ ಪಕ್ಕದ ತೋಟದ ಅಂಗಳದಿಂದ ಎರಡು ಗೋಣಿ ಒಣ ಅಡಕೆ ಕದ್ದಿದ್ದ, ಸಿಕ್ಕಿಬಿದ್ದ, ತಪ್ಪೊಪ್ಪಿಕೊಂಡ. ಇಪ್ಪತ್ತೊಂದು ತುಂಬದವನಿಗೆ ಜೈಲು ಶಿಕ್ಷೆ ಕೊಡುವ ಮೊದಲು ಪ್ರೊಬೇಶನ್ ಅಧಿಕಾರಿಯ ವರದಿಯನ್ನು ತರಿಸಿಕೊಳ್ಳಲೇಬೇಕೆಂದು ಕಾಯ್ದೆಯ ಆರನೆಯ ಕಲಮು ಹೇಳುತ್ತದೆ. ವರದಿ ಬರೆಯುವ ಕೆಲಸ ಹೊಸಬನಾದ ನನಗೆ ಬಂತು. ನಾನು ಪೊಲೀಸರ ದೋಷಾರೋಪಪಟ್ಟಿಯನ್ನು ಮುಂದಿಟ್ಟುಕೊಂಡು, ವಾರ್ಡ್ ಮೆಂಬರರನ್ನು ಫೋನಿನಲ್ಲಿ ವಿಚಾರಿಸಿ, ಮನೆಗೆ ಒಮ್ಮೆ ಹೋಗಿಬಂದು, ಒಂದೂವರೆ ಪುಟ ಬರೆದೆ. ‘ಕೆಟ್ಟ ಸಹವಾಸ’, ‘ಬಡತನ’, ‘ತಂದೆಯ ನಿಯಂತ್ರಣವಿಲ್ಲ’ ಎಂಬ ಮಾತುಗಳೆಲ್ಲ ಅದರಲ್ಲಿದ್ದವು. ಸಂಜೆಗೆ ವರದಿ ನನ್ನ ಮೇಜಿಗೆ ಮರಳಿ ಬಂತು. ಅಂಚಿನಲ್ಲಿ ಪೆನ್ಸಿಲಿನಿಂದ, ಮಲಯಾಳದಲ್ಲಿ, ಒಂದೇ ಸಾಲು: ಇವನು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾನೆ, ಎಬ್ಬಿಸುವವರು ಯಾರು?

ನನಗೆ ಸಿಟ್ಟು ಬಂತು. ಆದರೂ ಮರುದಿನ ಹೋದೆ. ತಾಯಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಹುಡುಗ ಐದು ಗಂಟೆಗೆ ತಾನಾಗಿಯೇ ಎದ್ದು, ಬಾವಿಯಿಂದ ನೀರು ಸೇದಿಟ್ಟು, ಕಟ್ಟಿದ ಬೀಡಿಯನ್ನು ಸೈಕಲಿನಲ್ಲಿ ಬೀಡಿ ಕಂಪನಿಯ ಬ್ರಾಂಚಿಗೆ ತಲುಪಿಸಿ ಎಲೆ, ಹೊಗೆಸೊಪ್ಪು ತರುತ್ತಿದ್ದ. ಬ್ರಾಂಚಿನಿಂದ ಮರಳಿದ ಮೇಲೆ ಇಡೀ ದಿನ ಅವನಿಗೆ ಕೆಲಸವಿರಲಿಲ್ಲ. ಎಡವಟ್ಟಾಗುತ್ತಿದ್ದುದು ಹತ್ತು ಗಂಟೆಯ ನಂತರದ ಹೊತ್ತಿನಲ್ಲಿ. ಹತ್ತರ ಒಳಗೆ ಆ ಮನೆ ಅವನ ಮೇಲೆಯೇ ನಿಂತಿತ್ತು. ಇದನ್ನು ಬರೆದ ಬಳಿಕ ವರದಿಯ ಕೊನೆಯಲ್ಲಿ ಏನನ್ನು ಶಿಫಾರಸು ಮಾಡಬೇಕೆಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ.

ಮೇಡಂ ಅಲ್ಲಿಗೂ ಬಿಡಲಿಲ್ಲ. ಅಡಕೆ ಕಳೆದುಕೊಂಡವರ ಮನೆಗೆ ಹೋಗಿದ್ದೀರಾ ಎಂದು ಕೇಳಿದರು. ಹೋಗಿರಲಿಲ್ಲ, ನಮ್ಮ ಕೆಲಸ ಅಪರಾಧಿಯ ಕಡೆಯದ್ದು ಎಂದೇ ನಾನು ತಿಳಿದಿದ್ದೆ. ಈ ಸಲ ಅವರೂ ಬಂದರು. ತೋಟದ ಯಜಮಾನರು ಚಾವಡಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು, ಪರಿಹಾರದ ಹಣವನ್ನು ಕಂತಿನಲ್ಲಿ ಕೊಟ್ಟರೂ ಅಡ್ಡಿಯಿಲ್ಲ, ಆದರೆ ಆ ಹುಡುಗ ಇನ್ನು ನಮ್ಮ ತೋಟದೊಳಗಿನ ದಾರಿಯಲ್ಲಿ ಕಾಲಿಡಬಾರದು ಎಂದರು. ನ್ಯಾಯಾಲಯ ಎರಡು ವರ್ಷದ ಮುಚ್ಚಳಿಕೆ ಬರೆಸಿಕೊಂಡು, ನಮ್ಮ ಮೇಲ್ವಿಚಾರಣೆಗೆ ಒಪ್ಪಿಸಿ, ಪರಿಹಾರವನ್ನು ನಿಗದಿಪಡಿಸಿ, ಆ ದಾರಿಯ ಷರತ್ತನ್ನೂ ಸೇರಿಸಿತು.

ನನ್ನ ದೊಡ್ಡ ತಪ್ಪು ನಡೆದದ್ದು ಆ ವರ್ಷದ ಆಟಿ ತಿಂಗಳಿನಲ್ಲಿ, ಅಂದರೆ ಮಳೆಗಾಲದ ನಡುವೆ. ಹುಡುಗ ಹಾಜರಿ ಹಾಕಬೇಕಾದ ದಿನ ಎರಡು ಸಲ ಬರಲಿಲ್ಲ. ಷರತ್ತು ಉಲ್ಲಂಘನೆಯಾಗಿದೆಯೆಂದು ನಾನು ನ್ಯಾಯಾಲಯಕ್ಕೆ ವರದಿ ಸಿದ್ಧಪಡಿಸಿದೆ. ಒಂಬತ್ತನೆಯ ಕಲಮಿನ ಪ್ರಕಾರ ಅಂಥ ವರದಿ ಹೋದರೆ ನ್ಯಾಯಾಲಯ ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದು; ಮೊದಲ ಸಲದ ತಪ್ಪಾದರೆ ಐವತ್ತು ರೂಪಾಯಿ ಮೀರದ ದಂಡ ಹಾಕಿ ಬಿಡಲೂಬಹುದು. (1958ರ ಆ ಐವತ್ತು ರೂಪಾಯಿ ಕಾಯ್ದೆಯ ಪುಟದಲ್ಲಿ ಹಾಗೆಯೇ ಕುಳಿತಿದೆ.) ಮೇಡಂ ವರದಿಗೆ ಸಹಿ ಹಾಕದೆ, ಅಂಚಿನಲ್ಲಿ ಮತ್ತೆ ಪೆನ್ಸಿಲಿನಿಂದ ಬರೆದರು: ಮಳೆಯಲ್ಲಿ ಈ ಮನೆಯಿಂದ ರಸ್ತೆಗೆ ನೀವು ನಡೆದು ನೋಡಿದ್ದೀರಾ?

ನಡೆದು ನೋಡಿದೆ. ತೋಟದ ದಾರಿ ಬಿಟ್ಟರೆ ಉಳಿದದ್ದು ತೋಡಿನ ಮೇಲೆ ಅಡಕೆ ಮರ ಅಡ್ಡಹಾಕಿ ಮಾಡಿದ ಒಂದು ಸಂಕ. ಅದು ಜೂನ್ ಕೊನೆಯಲ್ಲೇ ಕೊಚ್ಚಿಹೋಗಿತ್ತು. ಸೊಂಟದವರೆಗೆ ಕೆಂಪು ನೀರು. ಹುಡುಗ ಬರಬೇಕಾದರೆ ಒಂದೋ ನೀರಿಗಿಳಿಯಬೇಕು, ಇಲ್ಲವೇ ಷರತ್ತು ಮುರಿಯಬೇಕು. ಅವನು ಎರಡನ್ನೂ ಮಾಡದೆ ಮನೆಯಲ್ಲಿ ಕುಳಿತಿದ್ದ. ಆ ಷರತ್ತು ವರದಿಯಲ್ಲಿ ಬರುವಾಗ ಅದರ ಅರ್ಥವೇನೆಂದು ನಾನು ಕೇಳಿಕೊಂಡಿರಲಿಲ್ಲ, ಬೇಸಿಗೆಯಲ್ಲಿ ಹೋದವನಿಗೆ ತೋಡು ಕಾಣಿಸಿಯೂ ಇರಲಿಲ್ಲ. ಮೇಡಂ ಮತ್ತೆ ಯಜಮಾನರ ಚಾವಡಿಗೆ ಹೋದರು. ಮಳೆಗಾಲ ಮುಗಿಯುವ ತನಕ ದಾರಿ ಬಿಡಲು ಅವರು ಒಪ್ಪಿದರು. ಮುಚ್ಚಳಿಕೆಯ ಷರತ್ತನ್ನು ಪ್ರೊಬೇಶನ್ ಅಧಿಕಾರಿಯ ಅರ್ಜಿಯ ಮೇಲೆ ಬದಲಿಸಲು ಎಂಟನೆಯ ಕಲಮು ಅವಕಾಶ ಕೊಡುತ್ತದೆ. ಅರ್ಜಿ ನಾನೇ ಬರೆದೆ. ಎರಡು ವರ್ಷದ ಅವಧಿ ಸದ್ದಿಲ್ಲದೆ ಮುಗಿಯಿತು. ಹೀಗೆ ಮುಗಿದಾಗ ಕಡತದ ಮೇಲೆ ಒಂದು ಸಾಲಿನ ಷರಾ ಬರೆದು ಕಪಾಟಿಗೆ ಸೇರಿಸುತ್ತಾರೆ. ಪತ್ರಿಕೆಗೆ ಸುದ್ದಿಯಾಗುವುದು ಮುಚ್ಚಳಿಕೆ ಮುರಿದವನು ಮಾತ್ರ.

ಸನ್ಮಾನದ ಮಾತು ಬಂದಾಗ ನನಗೆ ಮೊದಲು ಹೊಳೆದದ್ದು ಈ ಹುಡುಗನನ್ನೇ ವೇದಿಕೆಗೆ ಕರೆಯುವುದು. ಈಗ ಅವನಿಗೆ ಸಂಸಾರವಿದೆ, ಸ್ವಂತ ದುಡಿಮೆಯಿದೆ. ಕರೆದರೆ ಖಂಡಿತ ಬರುತ್ತಿದ್ದ. ಉತ್ಸಾಹದಿಂದ ಮೇಡಂಗೆ ಫೋನು ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವನ ಮಕ್ಕಳಿಗೆ ಇದು ಗೊತ್ತುಂಟಾ?’ ಎಂದು ಕೇಳಿದರು. ಪ್ರೊಬೇಶನ್ ಮೇಲೆ ಬಿಟ್ಟವನಿಗೆ ಆ ತೀರ್ಪಿನಿಂದ ಯಾವ ಅನರ್ಹತೆಯೂ ಅಂಟಬಾರದೆಂದು ಹನ್ನೆರಡನೆಯ ಕಲಮು ಹೇಳುತ್ತದೆ. ನಾವು ಅಷ್ಟು ವರ್ಷ ಕಷ್ಟಪಟ್ಟು ಅಳಿಸಿದ ಕಲೆಯನ್ನು ನಾನು ಮೈಕಿನ ಮುಂದೆ ಮತ್ತೆ ಹಚ್ಚಲು ಹೊರಟಿದ್ದೆ. ಹಳೆಯ ವರದಿಗಳಿಂದ ಕೆಲವು ಭಾಗ ಓದಿಸೋಣ ಎಂಬ ಎರಡನೆಯ ಯೋಚನೆಯನ್ನು ನಾನೇ ಕೈಬಿಟ್ಟೆ. ಆ ವರದಿಗಳು ಗೋಪ್ಯ ದಾಖಲೆಗಳು. ಕೊಲೆ ಮಾಡಿದವನನ್ನು ಹಿಡಿದ ಪೊಲೀಸರನ್ನು, ರೋಗ ಗುಣಪಡಿಸಿದ ವೈದ್ಯರನ್ನು ಸನ್ಮಾನಿಸುವುದು ಸುಲಭ. ನಮ್ಮವರು ಮಾಡಿದ ಕೆಲಸಕ್ಕೆ ಸಾಕ್ಷಿ ಹೇಳಬಲ್ಲವರನ್ನು ಸಾಕ್ಷಿಗೆ ಕರೆಯುವಂತಿಲ್ಲ.

ಕೊನೆಗೆ ನೆರವಿಗೆ ಬಂದದ್ದು ನನ್ನ ಡೈರಿಗಳು. ಅಡಕೆಯ ಪ್ರಕರಣದ ನಂತರ, ಮೊದಲು ಸಿಟ್ಟಿನಿಂದ, ಆಮೇಲೆ ಅಭ್ಯಾಸದಿಂದ, ಅವರು ಅಂಚಿನಲ್ಲಿ ಬರೆಯುತ್ತಿದ್ದ ಪ್ರಶ್ನೆಗಳನ್ನು ನಾನು ಪ್ರಕರಣದ ಹೆಸರಿಲ್ಲದೆ ಬರೆದಿಟ್ಟುಕೊಂಡಿದ್ದೆ. ಜಾಮೀನು ನಿಂತ ಮಾವನಿಗೆ ಇವನಿಂದ ಬರಬೇಕಾದ ಸಾಲವೇನಾದರೂ ಇದೆಯೇ? ಸಂಬಳ ಯಾರ ಕೈಗೆ ಹೋಗುತ್ತದೆ? ಹಾಜರಿಯ ದಿನಕ್ಕೆ ಅವನು ಒಂದು ದಿನದ ಕೂಲಿ ಕಳೆದುಕೊಳ್ಳುತ್ತಾನೆಯೇ? ಕುಡಿತ ಬಿಟ್ಟಿದ್ದೇನೆ ಎಂದು ಅವನು ಹೇಳಿದ್ದೋ, ಹೆಂಡತಿ ಹೇಳಿದ್ದೋ? ಜೀವಾವಧಿ ಕೈದಿಯ ಬಿಡುಗಡೆಗೆ ವರದಿ ಕೇಳಿದಾಗ ಅವರು ಬರೆದದ್ದು: ಮನೆಯಲ್ಲಿ ಅವನ ಚಾಪೆ ಹಾಸಲು ಈಗ ಜಾಗ ಎಲ್ಲಿದೆ? ಇಂಥವನ್ನು ಆರಿಸಿ, ಕನ್ನಡಕ್ಕೆ ಅನುವಾದಿಸಿ, ಎರಡು ಪುಟ ಅಚ್ಚು ಹಾಕಿಸಿದೆ. ಸಭೆಯಲ್ಲಿ ಬಂದವರಿಗೆಲ್ಲ ಒಂದೊಂದು ಪ್ರತಿ ಕೊಟ್ಟು, ಕಿರಿಯ ಅಧಿಕಾರಿಗಳು ಒಂದೊಂದೇ ಪ್ರಶ್ನೆ ಓದುವುದು, ಆ ಪ್ರಶ್ನೆ ಏಕೆ ಬೇಕು ಎಂದು ಸಭೆಯೇ ಊಹಿಸುವುದು ಎಂದು ಏರ್ಪಾಡು ಮಾಡಿದೆ. ಶಾಲೂ ಇತ್ತು, ಅದನ್ನು ತಪ್ಪಿಸಲಾಗಲಿಲ್ಲ. ಆದರೆ ಜನ ಮಾತಾಡಿಕೊಂಡದ್ದು ಚಾಪೆಯ ಬಗ್ಗೆ. ನಿವೃತ್ತ ಮ್ಯಾಜಿಸ್ಟ್ರೇಟರೊಬ್ಬರು ಎದ್ದುನಿಂತು, ತಾವು ತರಿಸಿಕೊಂಡ ವರದಿಗಳಲ್ಲಿ ಎಷ್ಟನ್ನು ನಿಜವಾಗಿ ಓದಿದ್ದೆವು ಎಂದು ಈಗ ಅನುಮಾನ ಬರುತ್ತಿದೆ ಎಂದರು. ಆ ಸಂಜೆಯ ಅತ್ಯುತ್ತಮ ಭಾಷಣ ನನ್ನ ಪ್ರಕಾರ ಅದೇ.

ಆ ಎರಡು ಪುಟಗಳನ್ನು ಇಂದಿಗೂ ಕೇಳಿ ಪಡೆಯುವವರಿದ್ದಾರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಒಂದು ಶಿಕ್ಷೆಯಾಗಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದವನು ಅದನ್ನು ಮರಳಿಸಿದರೆ ಅವನಿಗೆ ಈ ಶಿಕ್ಷೆಯಾಗುತ್ತದೆ. ಆಸ್ಪತ್ರೆಯ ಅಂಗಳ ಗುಡಿಸುವ ಕೆಲಸ ಕೊಟ್ಟಾಗ ಆ ಆಸ್ಪತ್ರೆಗೆ ಅವನ ಊರಿನಿಂದ ಬಸ್ಸು ಎಷ್ಟು ಹೊತ್ತಿಗಿದೆ, ಗುಡಿಸುವಾಗ ಅವನನ್ನು ನೋಡುವವರು ಯಾರು ಎಂದು ಕೇಳಿಕೊಳ್ಳುವ ಒಬ್ಬರು ನಡುವೆ ಇರದಿದ್ದರೆ ಅದೂ ಸಂಕವಿಲ್ಲದ ತೋಡೇ ಆಗುತ್ತದೆ.

ಸಭೆ ಮುಗಿದು ಕುರ್ಚಿಗಳನ್ನು ಎತ್ತಿಡುತ್ತಿದ್ದಾಗ ಮೇಡಂ ನನ್ನನ್ನು ಕರೆದು ತಮ್ಮ ಪ್ರತಿಯನ್ನು ಕೈಗಿತ್ತರು. ಕೈಚೀಲದಲ್ಲಿ ಪೆನ್ಸಿಲು ಇಟ್ಟುಕೊಳ್ಳುವ ರೂಢಿ ನಿವೃತ್ತಿಯ ನಂತರವೂ ಬಿಟ್ಟಿರಲಿಲ್ಲ. ‘ತಾಯಿ ಬೀಡಿ ಕಟ್ಟುವಾಗ ಯಾರೊಡನೆ ಮಾತಾಡುತ್ತಾಳೆ?’ ಎಂದು ಅಚ್ಚಾಗಿದ್ದ ಸಾಲಿನ ಕೆಳಗೆ ಗೆರೆ ಎಳೆದಿದ್ದರು. ಮಲಯಾಳದ ಕ್ರಿಯಾಪದ ಅವಳು, ಅವರು ಎಂಬ ಭೇದ ತೋರಿಸುವುದಿಲ್ಲ. ಅನುವಾದಿಸುವಾಗ ಆ ಆಯ್ಕೆಯನ್ನು ಮಾಡಿದವನು ನಾನು. ‘ತ್ತಾಳೆ’ಯನ್ನು ಹೊಡೆದುಹಾಕಿ, ಅಂಚಿನಲ್ಲಿ ಸ್ವಲ್ಪ ವಾರೆಯಾದ ತಮ್ಮ ಕನ್ನಡ ಅಕ್ಷರದಲ್ಲಿ ಅವರು ಬರೆದಿದ್ದರು: ‘ತ್ತಾರೆ’.