ಹುಡುಗನನ್ನು ಯಾವಾಗ ಕಣಕ್ಕಿಳಿಸಬೇಕು? ಕ್ವಾರ್ಟರ್‌ಬ್ಯಾಕ್ ಕೋಚ್ ಆಗಿ ನನ್ನ ಅನುಭವ

ಒಹಾಯೋದ ಕೊಲಂಬಸ್ ಹತ್ತಿರದ ಒಂದು ಹೈಸ್ಕೂಲ್ ತಂಡದಲ್ಲಿ ನಾನು ಕ್ವಾರ್ಟರ್‌ಬ್ಯಾಕ್ ಹುಡುಗರಿಗೆ ಸಹಾಯಕ ಕೋಚ್. ಹೊಟ್ಟೆಪಾಡಿನ ಕೆಲಸ ಬೇರೆ, ಇದು ಸಂಜೆ ಹೊತ್ತು ಪ್ರೀತಿಯಿಂದ ಮಾಡುವುದು. ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಒಂದೆರಡು ಮಾತು. ಕ್ವಾರ್ಟರ್‌ಬ್ಯಾಕ್ ಅಂದರೆ ಆಟ ನಡೆಸುವವನು. ಚೆಂಡು ಅವನ ಕೈಗೆ ಬಂದ ಮೇಲೆ ಯಾರಿಗೆ ಎಸೆಯಬೇಕು, ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಲು ಎರಡು ಮೂರು ಸೆಕೆಂಡ್ ಸಿಗುತ್ತದೆ, ಅಷ್ಟೇ. ಅವನ ಮುಂದೆ ಐದು ಜನರ ಸಾಲು ಇರುತ್ತದೆ. ಅದಕ್ಕೆ ಲೈನ್ ಅನ್ನುತ್ತೇವೆ. ಅವನನ್ನು ಕೆಡವಲು ನುಗ್ಗಿ ಬರುವವರನ್ನು ತಡೆಯುವುದು ಆ ಐದು ಜನರ ಕೆಲಸ.

ಪ್ರತಿ ವರ್ಷ ನನ್ನ ಮುಂದೆ ಬರುವ ಪ್ರಶ್ನೆ ಒಂದೇ. ಹೊಸ ಹುಡುಗನಿಗೆ ಕೈ ಚೆನ್ನಾಗಿದೆ, ಬುದ್ಧಿ ಇದೆ. ಅವನನ್ನು ಈಗಲೇ ಆಡಿಸುವುದಾ, ಹಿರಿಯನ ಹಿಂದೆ ಒಂದೆರಡು ವರ್ಷ ಕಾಯಿಸುವುದಾ? ಎಲ್ಲರೂ ವಯಸ್ಸು ನೋಡುತ್ತಾರೆ. ನಾನು ಮೊದಲು ನೋಡುವುದು ಲೈನ್.

ಯಾಕೆ ಅಂದರೆ, ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಎರಡು ಕಥೆ ಪಕ್ಕ ಪಕ್ಕ ಇಟ್ಟು ನೋಡಿ. 1998ರಲ್ಲಿ ಪೇಟನ್ ಮ್ಯಾನಿಂಗ್ ಮೊದಲ ಪಂದ್ಯದಿಂದಲೇ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ ಆಡಿದರು. ಆ ವರ್ಷ ಅವರು ಎಸೆದ 28 ಚೆಂಡು ಎದುರಾಳಿಗಳ ಕೈ ಸೇರಿದವು. ತಂಡ ಗೆದ್ದಿದ್ದು 3, ಸೋತಿದ್ದು 13. ಮುಂದಿನ ವರ್ಷ ಅದೇ ತಂಡ 13 ಗೆದ್ದು 3 ಸೋತಿತು. 2002ರಲ್ಲಿ ಡೇವಿಡ್ ಕಾರ್ ಕೂಡ ಹಾಗೇ ಮೊದಲ ದಿನದಿಂದ ಆಡಿದರು. ಅವರ ಹ್ಯೂಸ್ಟನ್ ಟೆಕ್ಸನ್ಸ್ ಆಗ ತಾನೇ ಹುಟ್ಟಿದ ತಂಡ. ಆ ಒಂದೇ ವರ್ಷದಲ್ಲಿ ಕಾರ್ ಅವರನ್ನು 76 ಸಲ ಕೆಡವಿದರು. ಮ್ಯಾನಿಂಗ್ ಬಿದ್ದದ್ದು 22 ಸಲ ಮಾತ್ರ. ಇಬ್ಬರೂ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಮೊದಲ ಆಯ್ಕೆ, ಇಬ್ಬರನ್ನೂ ತಕ್ಷಣ ಆಡಿಸಿದರು. ಒಬ್ಬರು ತಪ್ಪು ಮಾಡಿ ಮಾಡಿ ಕಲಿತರು. ಇನ್ನೊಬ್ಬರಿಗೆ ತಪ್ಪು ಮಾಡಿ ನೋಡುವಷ್ಟೂ ಸಮಯ ಸಿಗಲಿಲ್ಲ. ತಪ್ಪು ಎಸೆತ ಹುಡುಗನನ್ನು ಹಾಳು ಮಾಡುವುದಿಲ್ಲ, ಪದೇ ಪದೇ ಬೀಳುವುದು ಮಾಡುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಇದನ್ನು ಹತ್ತಿರದಿಂದಲೂ ನೋಡಿದ್ದೇನೆ. ಬೇರೆ ಶಾಲೆಯಿಂದ ಒಬ್ಬ ಹುಡುಗ ನಮ್ಮಲ್ಲಿಗೆ ಬಂದ. ಅಲ್ಲಿ ಅವನನ್ನು ಒಂಬತ್ತನೇ ಕ್ಲಾಸಿನಲ್ಲೇ ದೊಡ್ಡ ತಂಡಕ್ಕೆ ಆಡಿಸಿದ್ದರು, ಲೈನ್ ತುಂಬಾ ದುರ್ಬಲ ಇತ್ತು. ಹದಿನಾಲ್ಕರ ಹುಡುಗನ ಮೇಲೆ ಹದಿನೆಂಟರವರು ಬಂದು ಬೀಳುತ್ತಿದ್ದರು. ನಮ್ಮಲ್ಲಿಗೆ ಬಂದಾಗ ಅವನ ಕೈ ಅದ್ಭುತವಾಗಿತ್ತು, ಆದರೆ ಚೆಂಡು ಕೈಗೆ ಬಂದ ಕೂಡಲೇ ಕಣ್ಣು ಕೆಳಗೆ ಇಳಿಯುತ್ತಿತ್ತು. ದೂರದಲ್ಲಿ ಓಡುತ್ತಿರುವ ರಿಸೀವರ್‌ಗಳನ್ನು, ಅಂದರೆ ಚೆಂಡು ಹಿಡಿಯುವವರನ್ನು, ನೋಡುವ ಬದಲು ನುಗ್ಗಿ ಬರುವವರನ್ನೇ ನೋಡುತ್ತಿದ್ದ. ಯಾರೂ ಬರದಿದ್ದಾಗಲೂ ಹಾಗೇ. ಇದನ್ನು ಬಿಡಿಸಲು ನಾವು ಮಾಡಿದ್ದು ಇಷ್ಟು: ಇಬ್ಬರು ಪ್ಯಾಡ್ ಹಿಡಿದು ಅವನ ಸೊಂಟಕ್ಕೆ, ಕಾಲಿಗೆ ಮೆಲ್ಲಗೆ ತಟ್ಟುತ್ತಾ ಇರುತ್ತಿದ್ದರು, ನಾನು ದೂರ ನಿಂತು ಬೆರಳು ಎತ್ತುತ್ತಿದ್ದೆ, ಅವನು ಕಾಲು ಆಡಿಸುತ್ತಲೇ ಎಷ್ಟು ಬೆರಳು ಅಂತ ಕೂಗಿ ಹೇಳಿ ಆಮೇಲೆ ಎಸೆಯಬೇಕಿತ್ತು. ದಿನಾ ಅದನ್ನೇ ಮಾಡಿದೆವು. ಸರಿಹೋಗಲು ಪೂರ್ತಿ ಒಂದು ಸೀಸನ್ ಹಿಡಿಯಿತು. ಹೊಸದಾಗಿ ಕಲಿಸುವುದಕ್ಕಿಂತ ಭಯ ಬಿಡಿಸುವುದು ಜಾಸ್ತಿ ಕಷ್ಟ.

ಹಾಗಂತ ಬೆಂಚಿನ ಮೇಲೆ ಕೂರಿಸಿದರೆ ಹುಡುಗ ತಾನಾಗಿಯೇ ಬೆಳೆಯುತ್ತಾನಾ? ಖಂಡಿತ ಇಲ್ಲ. ಕಾಯಿಸಿ ಅನ್ನುವವರು ಕೂಡಲೇ ಪ್ಯಾಟ್ರಿಕ್ ಮಹೋಮ್ಸ್ ಹೆಸರು ಹೇಳುತ್ತಾರೆ. ನಿಜ, 2017ರಲ್ಲಿ ಅವರು ಅಲೆಕ್ಸ್ ಸ್ಮಿತ್ ಹಿಂದೆ ಇದ್ದು ಕೊನೆಯ ಪಂದ್ಯ ಮಾತ್ರ ಆಡಿದರು, 2018ರಲ್ಲಿ 50 ಟಚ್‌ಡೌನ್ (ಅಂಕ ತರುವ ಎಸೆತ) ಎಸೆದರು. ಆರನ್ ರಾಜರ್ಸ್ ಮೂರು ಸೀಸನ್ ಬ್ರೆಟ್ ಫಾವ್ರ್ ಹಿಂದೆ ಕಾದು 2008ರಲ್ಲಿ ಶುರು ಮಾಡಿದರು. ಆದರೆ ಕಾದು ಕಾದು ಎಲ್ಲೂ ಕಾಣದೆ ಹೋದವರ ಹೆಸರು ಯಾರಿಗೂ ನೆನಪಿರುವುದಿಲ್ಲ, ಅಲ್ವಾ? ಎರಡನೇ ಕ್ವಾರ್ಟರ್‌ಬ್ಯಾಕ್‌ಗೆ ವಾರದ ಅಭ್ಯಾಸದಲ್ಲಿ ಸಿಗುವುದು ಬಹಳ ಕಡಿಮೆ. ಸ್ಕೌಟ್ ಟೀಮ್‌ನಲ್ಲಿ ನಿಂತು, ಕಾರ್ಡ್ ನೋಡಿಕೊಂಡು, ಎದುರಾಳಿ ತಂಡದ ಆಟವನ್ನು ನಮ್ಮ ಡಿಫೆನ್ಸ್‌ಗೆ ಆಡಿ ತೋರಿಸುವುದೇ ಅವನ ಮುಖ್ಯ ಕೆಲಸ. ಅಂದರೆ ವಾರವಿಡೀ ಬೇರೆಯವರ ಆಟ ಕಲಿಯುತ್ತಾನೆ, ನಮ್ಮದನ್ನಲ್ಲ.

ಅದಕ್ಕೇ ನಮ್ಮಲ್ಲಿ ಕಾಯುವವನಿಗೆ ಬೇರೆ ದಾರಿ ಮಾಡಿಕೊಂಡೆವು. ಹೈಸ್ಕೂಲ್‌ನಲ್ಲಿ ಒಂದು ಅನುಕೂಲ ಇದೆ. ದೊಡ್ಡ ತಂಡ, ಅಂದರೆ ವಾರ್ಸಿಟಿ, ಶುಕ್ರವಾರ ರಾತ್ರಿ ಆಡಿದರೆ ಕಿರಿಯರ ಜೆವಿ ತಂಡ ಶನಿವಾರ ಬೆಳಿಗ್ಗೆ ಆಡುತ್ತದೆ. ಹೊಸ ಹುಡುಗ ಶನಿವಾರ ತನ್ನ ವಯಸ್ಸಿನವರ ಎದುರು ಪೂರ್ತಿ ಪಂದ್ಯ ಆಡುತ್ತಾನೆ. ಅಲ್ಲಿ ಎಷ್ಟು ಬೇಕಾದರೂ ತಪ್ಪು ಮಾಡಲಿ. ಶುಕ್ರವಾರ ಸುಮ್ನೆ ನಿಲ್ಲುವ ಹಾಗಿಲ್ಲ, ಸೈಡ್‌ಲೈನ್‌ನಿಂದ ಕೈಸನ್ನೆಯಲ್ಲಿ ಪ್ಲೇ, ಅಂದರೆ ಮುಂದೆ ಆಡಬೇಕಾದ ಆಟದ ಯೋಜನೆ, ಕಳಿಸುವ ಕೆಲಸ ಅವನದು. ಹಾಗಾಗಿ ಪ್ರತಿಯೊಂದು ಪ್ಲೇಯೂ ಅವನಿಗೆ ಗೊತ್ತಿರಲೇಬೇಕು. ಪ್ಲೇ ಶುರುವಾಗುವ ಮುಂಚೆ ನಾನು ಕೇಳುತ್ತೇನೆ, "ಹಿಂದೆ ಸೇಫ್ಟಿ ಒಬ್ಬನಾ, ಇಬ್ಬರಾ?" (ಸೇಫ್ಟಿ ಅಂದರೆ ಎದುರಾಳಿಗಳಲ್ಲಿ ಎಲ್ಲರಿಗಿಂತ ಹಿಂದೆ ನಿಂತು ಕಾಯುವವನು.) ಪ್ಲೇ ಮುಗಿದ ಮೇಲೆ, "ನೀನಾಗಿದ್ದರೆ ಯಾರಿಗೆ ಎಸೆಯುತ್ತಿದ್ದೆ?" ಅಭ್ಯಾಸದಲ್ಲಿ ಹಿರಿಯ ಹುಡುಗ ಆಡುವಾಗ ಇವನು ಹತ್ತು ಗಜ ಹಿಂದೆ ನಿಂತು ಚೆಂಡಿಲ್ಲದೆ ಅದೇ ಹೆಜ್ಜೆ ಹಾಕಬೇಕು, ಅದೇ ಕ್ರಮದಲ್ಲಿ ಕಣ್ಣು ಓಡಿಸಬೇಕು. ಎಲ್ಲ ಮುಗಿದ ಮೇಲೆ ಎರಡನೇ ಸಾಲಿನ ರಿಸೀವರ್‌ಗಳನ್ನು ನಿಲ್ಲಿಸಿಕೊಂಡು ನಮ್ಮದೇ ಪ್ಲೇಗಳನ್ನು ಎಸೆಯಬೇಕು. ಈ ಕೊನೆಯದನ್ನು ಮಳೆ ಬಂದರೂ ಬಿಡುವುದಿಲ್ಲ.

ಕಷ್ಟ ಇರುವುದು ಅಪ್ಪ ಅಮ್ಮಂದಿರ ಜೊತೆ ಮಾತಾಡುವುದರಲ್ಲಿ. ಒಬ್ಬ ತಾಯಿ ನೇರವಾಗಿ ಕೇಳಿದರು, "ಕೋಚ್, ಪಕ್ಕದ ಊರಿನ ಶಾಲೆಗೆ ಹೋದರೆ ಇವನು ಈ ವರ್ಷವೇ ಆಡಬಹುದು. ಇಲ್ಲಿ ಯಾಕೆ ಕಾಯಬೇಕು?" ನಾನು ಅವರಿಗೆ ಶುಕ್ರವಾರದ ವಿಡಿಯೋ ಹಾಕಿ ತೋರಿಸಿದೆ. "ಮಗನನ್ನು ಬಿಡಿ, ಈ ಐದು ಜನರನ್ನು ಮಾತ್ರ ನೋಡಿ. ಈ ವರ್ಷ ಇವರು ಎರಡು ಸೆಕೆಂಡ್ ತಡೆಯುತ್ತಾರೆ. ನಿಮ್ಮ ಮಗನಿಗೆ ಮೂರು ಬೇಕು," ಅಂದೆ. ಅವರು ಪೂರ್ತಿ ಒಪ್ಪಲಿಲ್ಲ, ಆದರೆ ಹುಡುಗ ಉಳಿದ. ಮುಂದಿನ ವರ್ಷ ಅದೇ ಲೈನಿನ ನಾಲ್ಕು ಜನ ಗಟ್ಟಿಯಾಗಿ ವಾಪಸ್ ಬಂದರು, ಇವನನ್ನು ಮೊದಲ ಪಂದ್ಯದಿಂದಲೇ ಆಡಿಸಿದೆವು. ಶುರುವಿನಲ್ಲಿ ಪ್ಲೇಬುಕ್‌ನ ಅರ್ಧ ಮಾತ್ರ ಬಳಸಿದೆವು. ಓಟದ ಆಟ, ಬೇಗ ಎಸೆಯುವ ಸ್ಕ್ರೀನ್, ಪಕ್ಕಕ್ಕೆ ಓಡುತ್ತಾ ಎಸೆಯುವ ರೋಲ್‌ಔಟ್, ಇಷ್ಟೇ. ಉಳಿದದ್ದನ್ನು ವಾರ ವಾರ ಸೇರಿಸುತ್ತಾ ಹೋದೆವು.

ಎಳೆಯವನನ್ನು ಆಡಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಲೈನ್ ಗಟ್ಟಿ ಇದ್ದ ವರ್ಷ ಒಂಬತ್ತನೇ ಕ್ಲಾಸಿನ ಹುಡುಗನನ್ನೂ ಆಡಿಸಿದ್ದೇವೆ, ಚೆನ್ನಾಗಿ ನಿಭಾಯಿಸಿದ. ಲೈನ್ ಬಿಟ್ಟರೆ ನಾನು ನೋಡುವುದು ಇನ್ನೆರಡು. ಯಾರು ಯಾರನ್ನು ತಡೆಯಬೇಕು ಅನ್ನುವುದನ್ನು ಅವನು ತಾನೇ ಜೋರಾಗಿ ಹೇಳಬಲ್ಲನಾ? ಚೆಂಡು ಎದುರಾಳಿ ಕೈಗೆ ಹೋದ ಮೇಲೆ ಮುಂದಿನ ಸಲ ಅಷ್ಟೇ ಧೈರ್ಯವಾಗಿ ಎಸೆಯುತ್ತಾನಾ?

ಎನ್‌ಎಫ್‌ಎಲ್ ಲೆಕ್ಕ ಬೇರೆ ಅನ್ನುವುದೂ ಗೊತ್ತು. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಆದ ಒಪ್ಪಂದದ ನಂತರ ಹೊಸಬರ ಸಂಬಳಕ್ಕೆ ಮಿತಿ ಬಂತು. ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹುಡುಗ ನಾಲ್ಕು ವರ್ಷ ಕಡಿಮೆ ಖರ್ಚಿಗೆ ಸಿಗುತ್ತಾನೆ, ತಂಡ ಬಯಸಿದರೆ ಐದನೇ ವರ್ಷವೂ ಇಟ್ಟುಕೊಳ್ಳಬಹುದು. ಅದರಲ್ಲಿ ಎರಡು ವರ್ಷ ಬೆಂಚಿನಲ್ಲಿ ಕಳೆದರೆ ಮಾಲೀಕರಿಗೆ ಉರಿಯುತ್ತದೆ. ಆದರೂ 2023 ನೋಡಿ. ಮೊದಲ ಆಯ್ಕೆ ಬ್ರೈಸ್ ಯಂಗ್, ಎರಡನೆಯದು ಸಿ.ಜೆ. ಸ್ಟ್ರೌಡ್. ಇಬ್ಬರೂ ಮೊದಲ ವಾರದಿಂದ ಆಡಿದರು. ಕ್ಯಾರೊಲೈನಾದಲ್ಲಿ ಯಂಗ್ 62 ಸಲ ಬಿದ್ದರು, ಮುಂದಿನ ವರ್ಷ ಎರಡೇ ಪಂದ್ಯದ ಮೇಲೆ ಅವರನ್ನು ಕೂರಿಸಿದರು. ಹ್ಯೂಸ್ಟನ್‌ನಲ್ಲಿ ಸ್ಟ್ರೌಡ್ 23 ಟಚ್‌ಡೌನ್ ಎಸೆದು, 5 ಚೆಂಡು ಮಾತ್ರ ಎದುರಾಳಿಗೆ ಕೊಟ್ಟರು. ನಮ್ಮ ಕೊಲಂಬಸ್‌ನಲ್ಲಿ, ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಇದೇ ಸ್ಟ್ರೌಡ್ ಮೊದಲ ವರ್ಷ ಜಸ್ಟಿನ್ ಫೀಲ್ಡ್ಸ್ ಹಿಂದೆ ಕಾದಿದ್ದರು. ಜೋ ಬರೋ ಕೂಡ ಇಲ್ಲೇ ವರ್ಷಗಟ್ಟಲೆ ಕಾದು, ಜಾಗ ಸಿಗದೆ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ (ಎಲ್‌ಎಸ್‌ಯು) ಹೋಗಿ, 2019ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದರು. ಕಾಯಲು ಹಿಂದೇಟು ಹಾಕುವ ಹುಡುಗರಿಗೆ ನಾನು ಈ ಇಬ್ಬರ ಬಗ್ಗೆ ಹೇಳುತ್ತೇನೆ, ಇಬ್ಬರನ್ನೂ ಅವರು ಟಿವಿಯಲ್ಲಿ ನೋಡಿರುತ್ತಾರೆ.

ಈ ವರ್ಷ ನಮ್ಮ ಲೈನಿನ ಮೂವರು ಹಿರಿಯರು ಓದು ಮುಗಿಸಿ ಹೋದರು. ಹೊಸ ಹುಡುಗನ ಕೈ ನಾನು ಇಲ್ಲಿವರೆಗೆ ನೋಡಿದ್ದರಲ್ಲೇ ಒಳ್ಳೆಯದು. ಆದರೂ ಅವನು ಶನಿವಾರವೇ ಆಡುತ್ತಾನೆ. ಸೀಸನ್ ಮಧ್ಯದಲ್ಲಿ ಲೈನ್ ಮತ್ತೆ ನೋಡುತ್ತೇವೆ ಅಂತ ಅವನಿಗೂ ಅವನ ಅಪ್ಪನಿಗೂ ಒಟ್ಟಿಗೇ ಕೂರಿಸಿ ಹೇಳಿದ್ದೇನೆ.