ನಾರ್ವೆಗೆ ಹೊಸದಾಗಿ ಬಂದವರಿಗೆ: ಉದ್ದದ ಪದಗಳನ್ನು ಬಾಲದಿಂದ ಓದಿ

ಫ್ಯೋದ್ಸೆಲ್ಸ್‌ನುಮ್ಮೆರ್ (ಗುರುತಿನ ಸಂಖ್ಯೆ), ಸ್ಕಾತ್ತೆಕೊರ್ಟ್ (ತೆರಿಗೆ ಕಾರ್ಡ್), ಬ್ಯಾಂಕ್ ಖಾತೆ: ಈ ಕೆಲಸಗಳನ್ನು ಬಂದ ಕೂಡಲೇ ಶುರು ಮಾಡಿ, ಕಂಪನಿಯವರು ದಾರಿ ತೋರಿಸುತ್ತಾರೆ. ಆದರೆ ಇಂಥ ಪದಗಳನ್ನು ಓದುವುದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ.

ಮಗುವನ್ನು ಬಾರ್ನೆಹಾಗೆಗೆ, ಅಂದರೆ ಶಿಶುವಿಹಾರಕ್ಕೆ ಸೇರಿಸಿದರೆ ಒಂದು ಪಟ್ಟಿ ಕೊಡುತ್ತಾರೆ. ರೈನ್‌ತೋಯ್, ಶಿಫ್ತೆತೋಯ್, ಉಲ್‌ಉಂದೆರ್‌ತೋಯ್. ಗಾಬರಿ ಬೇಡ, ಬಾಲ ನೋಡಿ. ತೋಯ್ ಅಂದರೆ ಬಟ್ಟೆ. ರೈನ್ ಮಳೆ, ಶಿಫ್ತೆ ಬದಲಾಯಿಸು, ಉಲ್ ಉಣ್ಣೆ, ಉಂದೆರ್ ಅಡಿ. ಮಳೆಗೆ ಹಾಕುವ ಬಟ್ಟೆ, ಬದಲಿ ಬಟ್ಟೆ, ಉಣ್ಣೆಯ ಒಳಬಟ್ಟೆ, ಅಷ್ಟೇ. ನಮ್ಮ ಅರಮನೆ, ಮಳೆಗಾಲದ ಹಾಗೆ ಇಲ್ಲೂ ಕೊನೆಯ ಪದವೇ ಯಜಮಾನ. ಲಿಂಗವೂ ಅದರದ್ದೇ. ಹೂಸ್ ಅಂದರೆ ಮನೆ, ಅದರ ಮುಂದೆ ನಪುಂಸಕಲಿಂಗದ ‘ಎತ್’ ಬರುತ್ತದೆ, ಹಾಗಾಗಿ ಆಸ್ಪತ್ರೆಗೆ, ಅಂದರೆ ಸ್ಯೂಕೆಹೂಸ್‌ಗೆ ಕೂಡ ‘ಎತ್’. ಕೆಲವು ಪದ ಕೈಕೊಡುತ್ತವೆ: ಸ್ಯುಲ್ತೆತೋಯ್ ಬಟ್ಟೆಯಲ್ಲ, ಬ್ರೆಡ್ಡಿಗೆ ಹಚ್ಚುವ ಜಾಮ್.

ಜೋಡಿಸುವಾಗ ನಡುವೆ ‘ಎ’ ಇಲ್ಲವೇ ‘ಎಸ್’ ಬರಬಹುದು. ಬಾರ್ನ್ (ಮಗು), ಎ, ‘ಹಾಗೆ’ (ತೋಟ): ಶಿಶುವಿಹಾರ. ಆರ್ಬೈಡ್ (ಕೆಲಸ), ಎಸ್, ಪ್ಲಾಸ್ (ಜಾಗ): ಕೆಲಸದ ಜಾಗ. ಇದಕ್ಕೆ ಪಕ್ಕಾ ನಿಯಮ ಹುಡುಕುತ್ತಾ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಕೇಳುತ್ತಾ ಕೇಳುತ್ತಾ ಬರುತ್ತದೆ. ಒಂದು ಸುಳಿವು: ಮೊದಲ ಭಾಗವೇ ಜೋಡಿಪದವಾಗಿದ್ದರೆ ‘ಎಸ್’ ಬರುವುದು ಜಾಸ್ತಿ. ವೀನ್‌ಗ್ಲಾಸ್‌ನಲ್ಲಿ (ವೈನ್ ಲೋಟ) ಅದಿಲ್ಲ, ರ್ಯೋವೀನ್ಸ್‌ಗ್ಲಾಸ್‌ನಲ್ಲಿ (ಕೆಂಪು ವೈನ್ ಲೋಟ) ಇದೆ. ಸಾಲಿನ ಕೊನೆಯಲ್ಲಿ ಪದ ಒಡೆದರೆ ಈ ಅಕ್ಷರ ಮೊದಲ ಭಾಗದ ಜೊತೆಗೇ ಉಳಿಯುತ್ತದೆ: ಆರ್ಬೈಡ್ಸ್-ಪ್ಲಾಸ್. ಇನ್ನು ಬಸ್ ಸ್ಟಾಪು. ಬುಸ್ ಪದದ ಕೊನೆಗೆ ಎರಡು ಎಸ್, ಸ್ತೊಪ್ ಪದದ ಮೊದಲಿಗೆ ಒಂದು. ಕೂಡಿಸಿ ಬರೆದಾಗ ಎರಡೇ ಎಸ್. ಸಾಲಿನ ಕೊನೆಯಲ್ಲಿ ಒಡೆದಾಗ ಮಾತ್ರ ಮೂರನೆಯದು ವಾಪಸ್ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ, ಜೋಡಿಪದದ ಭಾಗಗಳ ನಡುವೆ ಜಾಗ ಬಿಡಬೇಡಿ. ಇಂಗ್ಲಿಷ್ ಬರೆದು ಪಳಗಿದ ಕೈ ತಾನಾಗಿ ಬಿಡುತ್ತದೆ. ರ್ಯೋಯ್ಕ್‌ಫ್ರಿತ್ ಅಂತ ಸೇರಿಸಿ ಬರೆದರೆ ಇಲ್ಲಿ ಧೂಮಪಾನ ಇಲ್ಲ ಅಂತ. ಬಿಡಿಸಿ ಬರೆದರೆ ಧಾರಾಳವಾಗಿ ಸೇದಿ ಅಂತ! ಈ ತಪ್ಪಿಗೆ ನಾರ್ವೆಯವರು ಸ್ಯಾರ್‌ಸ್ಕ್ರೀವಿಂಗ್ ಅನ್ನುತ್ತಾರೆ. ಅವರ ಮಕ್ಕಳೂ ಇದನ್ನು ಮಾಡಿ ಶಾಲೆಯಲ್ಲಿ ತಿದ್ದಿಸಿಕೊಳ್ಳುತ್ತಾರೆ.

ಆದರೆ ಮಾತಿನಲ್ಲಿ ನಮ್ಮ ಮಕ್ಕಳಿಗೆ ಇದ್ಯಾವುದನ್ನೂ ಕಲಿಸಬೇಕಿಲ್ಲ. ನನ್ನ ಮಗಳು ನಡುವಿನ ಎಸ್ ಒಂದನ್ನೂ ಬಿಡುವುದಿಲ್ಲ. ಅದೇ ಮಗು ಕನ್ನಡದಲ್ಲಿ ‘ಮಳೆಕಾಲ’ ಅನ್ನುತ್ತದೆ. ಕ ಹೋಗಿ ಗ ಆಗುವುದು ವ್ಯಾಕರಣ ಓದಿ ಬರುವುದಲ್ಲ, ಕಿವಿಗೆ ಬಿದ್ದು ಬರುವುದು, ಅಲ್ವಾ? ನಾವಿರುವ ಬರ್ಗೆನ್‌ನಲ್ಲಿ ಎಲ್ಲ ತಿಂಗಳೂ ಮಳೆ. ಅದಕ್ಕೆಂದೇ ಒಂದು ಕಾಲ ಅಂತ ಇಲ್ಲ, ಹಾಗಾಗಿ ಆ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಇಲ್ಲಿನ ಶಾಲೆಗಳಿಗೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಬೇಸಿಗೆ ರಜೆ. ಆಗ ಊರಲ್ಲಿ ಜಡಿಮಳೆ ಅಂತ ಪ್ರಯಾಣ ಡಿಸೆಂಬರಿಗೆ ಹಾಕಬೇಡಿ. ಆಗಲೇ ಹೋಗಿ, ‘ಮಳೆಗಾಲ’ ಅನ್ನುವ ಮಾತು ಮಕ್ಕಳ ಕಿವಿಗೆ ಬೀಳಲಿ. ಅವರನ್ನು ಕೆಲವು ವಾರ ಅಜ್ಜಿಯ ಜೊತೆ ಬಿಡಿ.