ಮಾರಿಸ್ ಮೈನರ್: ಸುಟ್ಟ ವೈರ್ ಬದಲಿಸುವ ಮೊದಲು

ಮಾರಿಸ್ ಮೈನರ್ 1000ರಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹದ ಮೈಗೆ (ಬಾಡಿ) ಜೋಡಿಸಿ ಅರ್ತ್ ಆಗಿರುತ್ತದೆ. ನಾನು ರಿಪೇರಿ ಮಾಡಿದ ಕಾರಿಗೆ ಯಾರೋ ಈಗಿನ ರೂಢಿಯಂತೆ ನೆಗೆಟಿವ್ ಅರ್ತ್ ಕೊಟ್ಟಿದ್ದರು. ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಕಬ್ಬಿಣದಲ್ಲಿ ಉಳಿದ ಕಾಂತತ್ವ ಮಾತ್ರ ಹಳೆಯ ದಿಕ್ಕಿನದೇ. ಕಟ್‌ಔಟ್ (ಡೈನಮೋ ವೋಲ್ಟೇಜ್ ಏರಿದಾಗ ಅದನ್ನು ಬ್ಯಾಟರಿಗೆ ತಾನೇ ಜೋಡಿಸುವ ಸ್ವಿಚ್) ಕೂಡಿದ ಕ್ಷಣ ಬ್ಯಾಟರಿಯೂ ಡೈನಮೋವೂ ಒಂದಕ್ಕೊಂದು ಸೇರಿ 25 ವೋಲ್ಟಿನಷ್ಟಾಗಿ, ಆ ಸ್ವಿಚ್ಚಿನ ಸಂಪರ್ಕದ ತುದಿಗಳಾದ ಪಾಯಿಂಟ್‌ಗಳು ಬೆಸೆದುಕೊಂಡವು. ಈ ದಾರಿಗೆ ಫ್ಯೂಸೇ ಇಲ್ಲ. ವೈರೇ ಸುಟ್ಟು ಫ್ಯೂಸಿನ ಕೆಲಸ ಮಾಡಿತು.

ಪತ್ತೆಗೆ 21 ವ್ಯಾಟ್ ಬಲ್ಬ್ ಸಾಕು. ಎಲ್ಲ ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ಒಂದು ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಬಲ್ಬ್ ಹಿಡಿದೆ. ಝಗ್ಗನೆ ಹೊತ್ತಿತು. ಡೈನಮೋದ ಕರೆಂಟ್ ತರುವ 'ಡಿ' ವೈರನ್ನು ಡೈನಮೋ ಕಡೆ ಬಿಚ್ಚಿದರೂ ಆರಲಿಲ್ಲ, ರೆಗ್ಯುಲೇಟರ್ (ವೋಲ್ಟೇಜ್ ಹದದಲ್ಲಿಡುವ, ಕಟ್‌ಔಟ್ ಇರುವ ಡಬ್ಬಿ) ಕಡೆ ಬಿಚ್ಚಿದಾಗ ಆರಿತು. ಅಂದರೆ ಪಾಯಿಂಟ್ ಅಂಟಿದ್ದಷ್ಟೇ ಅಲ್ಲ, ಸಿಪ್ಪೆ ಕರಗಿದ ವೈರು ಬಾಡಿಗೂ ತಗುಲಿತ್ತು.

ಡೈನಮೋ ಉಳಿದಿದೆಯೇ ನೋಡಲು 'ಡಿ' ವೈರನ್ನೂ ಫೀಲ್ಡ್ ಕಾಯಿಲ್ಲಿನ 'ಎಫ್' ವೈರನ್ನೂ ತೆಗೆದು, 'ಡಿ', 'ಎಫ್' ಟರ್ಮಿನಲ್‌ಗಳನ್ನು ತುಂಡು ತಂತಿಯಿಂದ ಕೂಡಿಸಿ, ಮೀಟರಿನ ಒಂದು ತುದಿಯನ್ನು ಆ ತಂತಿಗೂ ಇನ್ನೊಂದನ್ನು ಕಾರಿನ ಮೈಗೂ ಹಿಡಿದು ಇಂಜಿನ್ ನಿಧಾನಕ್ಕೆ ಏರಿಸಬೇಕು. 1000 ಆರ್‌ಪಿಎಂ ಒಳಗೇ ವೋಲ್ಟೇಜ್ ತಡವರಿಸದೆ ಏರಬೇಕು, 20 ದಾಟಿಸಬೇಡಿ. ಅರ್ಧ–ಒಂದು ವೋಲ್ಟಿಗೇ ನಿಂತರೆ ಕಾಂತತ್ವ ಹುಟ್ಟಿಸುವ ಫೀಲ್ಡ್ ಕಾಯಿಲ್ ಮೇಲೆ, 4–5ಕ್ಕೆ ನಿಂತರೆ ಒಳಗೆ ತಿರುಗುವ ಆರ್ಮೇಚರ್ ಮೇಲೆ ಅನುಮಾನ. ಫೀಲ್ಡ್ ಸುಮಾರು 6 ಓಮ್ ತೋರಿಸಬೇಕು.

ವೈರಿನ ತಾಮ್ರ ಕಪ್ಪಾಗಿದ್ದರೆ ಹೊಳಪು ಸಿಗುವತನಕ ಕತ್ತರಿಸಬೇಕು. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯುವುದೇ ಇಲ್ಲ. ನಾನು 'ಡಿ' ವೈರನ್ನು ಪೂರ್ತಿ ತೆಗೆದು 4 ಚದರ ಮಿ.ಮೀ. ಆಟೋ ವೈರ್ ಎಳೆದೆ; ಪಕ್ಕದಲ್ಲಿ ಬೆಂದಿದ್ದ 'ಎಫ್' ವೈರನ್ನೂ ಬದಲಿಸಿದೆ. ಕಟ್‌ಔಟ್ ಪಾಯಿಂಟ್ ಬೆಳ್ಳಿಯದು, ಅದಕ್ಕೆ ನಯವಾದ ಉಪ್ಪುಕಾಗದ ಮಾತ್ರ, ಎಮರಿ ಬೇಡ. ಇಲ್ಲಿ ಗುಳಿಯೇ ಬಿದ್ದಿದ್ದರಿಂದ ರೆಗ್ಯುಲೇಟರ್ ಬೇರೆಯದೇ ಹಾಕಿದೆ.

ಬ್ಯಾಟರಿಯನ್ನು ಮತ್ತೆ ಪಾಸಿಟಿವ್ ಅರ್ತಿಗೆ ಕೂರಿಸಿ, ಡೈನಮೋದ 'ಎಫ್' ವೈರ್ ಬಿಚ್ಚಿ, ಆ ಟರ್ಮಿನಲ್ಲಿಗೆ ಬ್ಯಾಟರಿ ನೆಗೆಟಿವ್‌ನಿಂದ ತಂತಿ ತಂದು ಎರಡು ಮೂರು ಸಲ ಕಿಡಿ ಹಾರುವಂತೆ ಮುಟ್ಟಿಸಿದೆ. ಕಾಂತತ್ವದ ದಿಕ್ಕನ್ನು ಖಾತ್ರಿ ಮಾಡುವುದು ಇಷ್ಟೇ ಕೆಲಸ. ಆಮೇಲೆ ಕಟ್‌ಔಟ್ 12.7–13.3 ವೋಲ್ಟಿನಲ್ಲಿ ಕೂಡಿತು, ಚಾರ್ಜ್ ಇಲ್ಲವೆಂದು ಎಚ್ಚರಿಸುವ ಕೆಂಪು ದೀಪ ಆರಿತು.

ಇನ್ನೊಂದು ಎಡವಟ್ಟು ಫ್ಯೂಸಿನದು. ಈ ಕಾರಿನ ಮೂಲದ ಲೂಕಾಸ್ ಕಂಪನಿಯ ಗಾಜಿನ ಫ್ಯೂಸಿನ ಮೇಲಿನ 35 ಆಂಪಿಯರ್ ಅದು ಕರಗುವ ಲೆಕ್ಕ. ಸತತವಾಗಿ ತಡೆಯುವುದು 17 ಮಾತ್ರ. ಅಂಗಡಿಯ ಬ್ಲೇಡ್ ಫ್ಯೂಸಿನ ಮೇಲೆ ಬರೆದಿರುವುದು ಸತತ ಲೆಕ್ಕ. ಅಂಕಿ ನೋಡಿ 35ರದ್ದೇ ಹುಡುಕಿ ಹಾಕಿದರೆ ಫ್ಯೂಸಿಗಿಂತ ಮೊದಲು ವೈಪರ್ ವೈರೇ ಬೇಯುತ್ತದೆ. ನಾನು 15ರದ್ದು ಹಾಕಿದ್ದೇನೆ. ಹೆಡ್‌ಲೈಟಿಗೆ ಮೂಲದಲ್ಲಿ ಫ್ಯೂಸ್ ಇಲ್ಲ. ಎಡಕ್ಕೊಂದು, ಬಲಕ್ಕೊಂದು 10ರದ್ದು ಸೇರಿಸಿದೆ, ಒಂದು ಹೋದರೂ ಕತ್ತಲಲ್ಲಿ ಇನ್ನೊಂದು ಉಳಿಯಲಿ ಎಂದು.